ಕಾಲಿಗಾಗಿ ಕಾಯುವ ವರ್ಷಗಳು

ಸೆರೆಬ್ರಲ್ ಪಾಲ್ಸಿ ಇರುವ ಮಗುವನ್ನು ಎತ್ತಿಕೊಂಡು ಬರುವ ತಂದೆತಾಯಿ ವೈದ್ಯರನ್ನು ಮೊದಲು ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: ‘ಯಾವಾಗ ನಡೀತಾನೆ ಡಾಕ್ಟ್ರೇ?’ ಮಲೆನಾಡಿನಲ್ಲಿ ಈ ಪ್ರಶ್ನೆಗೆ ತೂಕ ಇನ್ನೂ ಜಾಸ್ತಿ. ನರಸಿಂಹರಾಜಪುರ ತಾಲ್ಲೂಕಿನ ಕಡಹಿನಬೈಲಿನಂಥ ಪಂಚಾಯಿತಿಗಳಲ್ಲಿ ಮನೆಗಳು ಒತ್ತೊತ್ತಾಗಿ ಇರುವುದಿಲ್ಲ. ಒಂದು ಮನೆ ತೋಟದ ತಲೆಯಲ್ಲಿ, ಇನ್ನೊಂದು ಗದ್ದೆಯ ಆಚೆ ದಿಬ್ಬದ ಮೇಲೆ. ನಡುವೆ ಹಳ್ಳ, ಹಳ್ಳಕ್ಕೊಂದು ಕಾಲುಸಂಕ. ಬಸ್ಸು ಹಿಡಿಯಬೇಕಾದರೆ ಏರು ಹತ್ತಬೇಕು, ಶಾಲೆಗೆ ಇಳಿಜಾರು ಇಳಿಯಬೇಕು. ಕಾಲು ಗಟ್ಟಿ ಇದ್ದವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಿದ ಊರು. ಹಾಗಾಗಿ ಆ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಉತ್ತರಕ್ಕೆ ಕಾಯುತ್ತ ಉಳಿದದ್ದನ್ನೆಲ್ಲ ಮುಂದಕ್ಕೆ ಹಾಕುತ್ತೇವಲ್ಲ, ತೊಂದರೆ ಶುರುವಾಗುವುದು ಅಲ್ಲಿ. ನಡೆಯಲು ಬಂದ ಮೇಲೆ ಶಾಲೆ, ನಡೆಯಲು ಬಂದ ಮೇಲೆ ಜಾತ್ರೆ, ನಡೆಯಲು ಬಂದ ಮೇಲೆ ನೆಂಟರ ಮನೆ. ಹೀಗೆ ಕಾಯುತ್ತ ಮಗುವಿಗೆ ಹದಿನಾಲ್ಕು ತುಂಬುತ್ತದೆ.

ಇದು ಏನೆಂದು ಮೊದಲು ನೋಡೋಣ. ಗರ್ಭದಲ್ಲಿದ್ದಾಗಲೋ, ಹೆರಿಗೆಯ ಹೊತ್ತಿಗೋ, ಹುಟ್ಟಿದ ಮೊದಲ ಒಂದೆರಡು ವರ್ಷಗಳಲ್ಲೋ ಬೆಳೆಯುತ್ತಿರುವ ಮಿದುಳಿಗೆ ಪೆಟ್ಟಾಗುತ್ತದೆ. ಪೆಟ್ಟು ಬಿದ್ದದ್ದು ಚಲನೆಯನ್ನೂ ಭಂಗಿಯನ್ನೂ ನೋಡಿಕೊಳ್ಳುವ ಭಾಗಕ್ಕಾದರೆ ಅದು ಸೆರೆಬ್ರಲ್ ಪಾಲ್ಸಿ. ಸಾವಿರ ಮಕ್ಕಳು ಹುಟ್ಟಿದರೆ ಸುಮಾರು ಇಬ್ಬರು ಮೂವರಲ್ಲಿ ಕಾಣುತ್ತದೆ. ಮೂಲದಲ್ಲಿ ಕೈಕಾಲಿನ ಸ್ನಾಯುಗಳಿಗೆ ಏನೂ ಆಗಿರುವುದಿಲ್ಲ, ಅವಕ್ಕೆ ಮಿದುಳಿನಿಂದ ಬರುವ ಅಪ್ಪಣೆ ಹದ ತಪ್ಪಿರುತ್ತದೆ. ಮಿದುಳಿನ ಆ ಗಾಯ ಹರಡುವುದಿಲ್ಲ, ಹೆಚ್ಚುವುದಿಲ್ಲ, ಮಾಯುವುದೂ ಇಲ್ಲ. ಆದರೆ ದೇಹ ಬೆಳೆಯುತ್ತದೆ. ಎಲುಬು ಉದ್ದವಾದಷ್ಟು ವೇಗದಲ್ಲಿ ಬಿಗಿದ ಸ್ನಾಯು ಉದ್ದವಾಗುವುದಿಲ್ಲ. ನಾಲ್ಕನೇ ವರ್ಷದಲ್ಲಿ ನೆಟ್ಟಗಾಗುತ್ತಿದ್ದ ಮೊಣಕಾಲು ಹನ್ನೆರಡಕ್ಕೆ ನೆಟ್ಟಗಾಗದೆ ಹೋಗಬಹುದು, ಸೊಂಟದ ಕೀಲು ಸದ್ದಿಲ್ಲದೆ ಜಾರಬಹುದು. ಅದಕ್ಕೇ ಕಾಲಕಾಲಕ್ಕೆ ಸೊಂಟದ ಎಕ್ಸ್‌ರೇ ತೆಗೆಸಿ ಎನ್ನುವುದು.

ಹತ್ತರಲ್ಲಿ ಎಂಟು ಮಂದಿಯಲ್ಲಿ ಕಾಣುವುದು ಬಿಗಿತ. ಎತ್ತಿಕೊಂಡರೆ ಮಗು ಕೊರಡಿನಂತೆ ಸೆಟೆಯುತ್ತದೆ, ನಿಲ್ಲಿಸಿದರೆ ಕಾಲು ಕತ್ತರಿಯಾಗುತ್ತದೆ, ತುದಿಬೆರಳಿನ ಮೇಲೆ ನಿಲ್ಲುತ್ತದೆ. ಇನ್ನು ಕೆಲವರಲ್ಲಿ ಕೈ, ಮುಖ, ನಾಲಿಗೆ ಬೇಡವೆಂದರೂ ತಾವಾಗಿ ತಿರುಚುತ್ತವೆ. ಹುಟ್ಟಿದ ಮಗುವಿನ ಕಾಮಾಲೆ ಮಿತಿ ಮೀರಿ ಮಿದುಳಿನ ಆಳಕ್ಕೆ ತಟ್ಟಿದಾಗ ಹೀಗಾಗುವುದುಂಟು, ಮತ್ತು ಇದನ್ನು ತಡೆಯಬಹುದು. ಅಂಗೈ ಅಂಗಾಲಿನವರೆಗೂ ಹಳದಿ ಇಳಿದ ಮಗುವಿಗೆ ಎಳೆಬಿಸಿಲು ಸಾಲದು, ರಕ್ತಪರೀಕ್ಷೆ ಮಾಡಿಸಿ ಆಸ್ಪತ್ರೆಯ ನೀಲಿ ಬೆಳಕಿನಲ್ಲಿ ಮಲಗಿಸಬೇಕು. ಅಷ್ಟಕ್ಕೂ ಆಷಾಢದಲ್ಲಿ ನಮ್ಮ ಕಡೆ ಎಳೆಬಿಸಿಲು ಎಲ್ಲಿಂದ ಬರಬೇಕು?

ಕಾರಣದ ಮಾತು ಬಂದರೆ ಬೆರಳು ತಿರುಗುವುದು ತಾಯಿಯ ಕಡೆಗೆ. ಗ್ರಹಣದ ದಿನ ಹೊರಗೆ ಬಂದಳು, ಬಸುರಿಯಾಗಿ ಅಡಿಕೆ ಹೊತ್ತಳು, ಹೆರಿಗೆಯಲ್ಲಿ ಸರಿಯಾಗಿ ನೋವು ತಿನ್ನಲಿಲ್ಲ. ವೈದ್ಯಲೋಕವೂ ಈ ವಿಷಯದಲ್ಲಿ ಬಹುಕಾಲ ಹೆರಿಗೆ ಕೋಣೆಯಿಂದ ಆಚೆ ನೋಡಲಿಲ್ಲ. ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಜಾನ್ ಲಿಟ್ಲ್ 1861ರಲ್ಲಿ ಅಲ್ಲಿನ ಪ್ರಸೂತಿ ವೈದ್ಯರ ಸಂಘದ ಮುಂದೆ, ಕಷ್ಟದ ಹೆರಿಗೆಯಲ್ಲಿ ಉಸಿರು ಕಟ್ಟುವುದೇ ಈ ಮಕ್ಕಳ ಬಿಗಿತಕ್ಕೆ ಕಾರಣವೆಂದು ವಾದಿಸಿದರು. ಮುಂದೆ ಹಲವು ದಶಕ ಇದಕ್ಕೆ ‘ಲಿಟ್ಲ್ ಕಾಯಿಲೆ’ ಎಂದೇ ಹೆಸರಿತ್ತು. 1897ರಲ್ಲಿ ಬೇರೆ ಮಾತು ಹೇಳಿದವರು ಸಿಗ್ಮಂಡ್ ಫ್ರಾಯ್ಡ್. ಹೌದು, ಅವರೇ, ಕನಸುಗಳ ಪುಸ್ತಕಕ್ಕೂ ಮೊದಲು ಅವರು ಮಕ್ಕಳ ನರರೋಗಗಳನ್ನು ನೋಡುತ್ತಿದ್ದ ವೈದ್ಯ. ಹೆರಿಗೆ ಕಷ್ಟವಾದ್ದರಿಂದ ಮಿದುಳಿಗೆ ಪೆಟ್ಟಾಯಿತು ಎನ್ನುತ್ತೀರಿ. ಮೊದಲೇ ಗರ್ಭದಲ್ಲಿ ಏನೋ ಏರುಪೇರಾಗಿದ್ದರಿಂದಲೇ ಹೆರಿಗೆ ಕಷ್ಟವಾಗಿರಬಾರದೇಕೆ ಎಂಬುದು ಅವರ ಸಂದೇಹ. ಅದನ್ನು ಯಾರೂ ಹೆಚ್ಚು ಕಿವಿಗೆ ಹಾಕಿಕೊಳ್ಳಲಿಲ್ಲ. 1980ರ ದಶಕದಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಬಹುಪಾಲು ಮಕ್ಕಳಲ್ಲಿ ಕಾರಣ ಹೆರಿಗೆಗಿಂತ ಹಿಂದಿನದೆಂದು ತೋರಿಸಿದಾಗ ಫ್ರಾಯ್ಡ್ ಮಾತು ಮತ್ತೆ ನೆನಪಾಯಿತು. ತಿಂಗಳು ತುಂಬದ ಜನನ, ಗರ್ಭದೊಳಗಿನ ಸೋಂಕು, ಮಿದುಳಿನ ರಕ್ತಸ್ರಾವ, ವಂಶವಾಹಿಯ ದೋಷ ಎಲ್ಲಕ್ಕೂ ಇದರಲ್ಲಿ ಪಾಲಿದೆ. ನಮ್ಮ ದೇಶದಲ್ಲಿ ಹೆರಿಗೆಯ ಹೊತ್ತಿನ ಉಸಿರುಗಟ್ಟುವಿಕೆಯ ಪಾಲು ಇನ್ನೂ ದೊಡ್ಡದೇ. ಆದರೆ ಆಸ್ಪತ್ರೆ ದೂರವಿದ್ದರೆ ಅದು ತಾಯಿಯ ತಪ್ಪಾಗುವುದು ಹೇಗೆ?

ಇನ್ನೊಂದು ದೊಡ್ಡ ತಪ್ಪು ತಿಳಿವಳಿಕೆ ಬುದ್ಧಿಯದು. ಸೆರೆಬ್ರಲ್ ಪಾಲ್ಸಿ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಬುದ್ಧಿಯ ಬೆಳವಣಿಗೆಯಲ್ಲಿ ಕೊರತೆ ಇರುತ್ತದೆ. ಎಂದರೆ ಇನ್ನರ್ಧ ಮಂದಿಗೆ ಇರುವುದಿಲ್ಲ. ನೋಡುವವರಿಗೆ ಆ ವ್ಯತ್ಯಾಸ ಕಾಣುವುದೇ ಇಲ್ಲ. ನಾಲಿಗೆ ಹಿಡಿತಕ್ಕೆ ಸಿಗದೆ ಮಾತು ತೊದಲಿದರೆ, ಬಾಯಿಯಿಂದ ಜೊಲ್ಲು ಇಳಿದರೆ ‘ಬುದ್ಧಿ ಬೆಳೆದಿಲ್ಲ’ ಎಂದು ತೀರ್ಪು ಆಗಿಹೋಯಿತು. ಆಮೇಲೆ ಎಲ್ಲರೂ ಆ ಹುಡುಗನ ತಲೆಯ ಮೇಲಿಂದ ಅಮ್ಮನ ಜೊತೆ ಮಾತಾಡುತ್ತಾರೆ: ‘ಇವನಿಗೆ ಅರ್ಥ ಆಗ್ತದಾ?’ ಅವನಿಗೆ ಚೆನ್ನಾಗಿಯೇ ಅರ್ಥವಾಗುತ್ತಿರುತ್ತದೆ, ಉತ್ತರ ಹೊರಡಿಸಲು ಒಂದು ನಿಮಿಷ ಬೇಕಾಗಿರುತ್ತದೆ ಅಷ್ಟೆ. ಕೇಳಿದವರಿಗೆ ಆ ಒಂದು ನಿಮಿಷ ಪುರುಸೊತ್ತಿರುವುದಿಲ್ಲ.

ಈಗ ನಡಿಗೆಯ ಪ್ರಶ್ನೆಗೆ ಬರೋಣ. ಇದಕ್ಕೆ ಸಾಕಷ್ಟು ನಿಖರವಾದ ಉತ್ತರ ಇದೆ, ಆದರೆ ಮನೆಯವರಿಗೆ ಅದನ್ನು ಬಿಡಿಸಿ ಹೇಳುವವರು ಕಡಿಮೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 1997ರಲ್ಲಿ ಈ ಮಕ್ಕಳ ಚಲನೆಯನ್ನು ಐದು ಹಂತಗಳಾಗಿ ವಿಂಗಡಿಸಿದರು. ಒಂದನೇ ಹಂತದ ಮಗು ನಡೆಯುತ್ತದೆ, ಓಡುತ್ತದೆ, ಸ್ವಲ್ಪ ತಡವರಿಸುತ್ತದೆ. ಐದನೆಯದಕ್ಕೆ ಕುತ್ತಿಗೆ ನಿಲ್ಲಿಸುವುದೂ ಕಷ್ಟ. ಅದೇ ತಂಡ ಒಂಟಾರಿಯೊ ಪ್ರಾಂತದ 657 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿತು. ಅದರ ಪ್ರಕಾರ, ಮಗು ಎಂದಾದರೂ ಗಳಿಸಬಹುದಾದ ಚಲನಶಕ್ತಿಯ ಹತ್ತರಲ್ಲಿ ಒಂಬತ್ತು ಪಾಲು ಐದು ವರ್ಷದೊಳಗೆ ಬಂದಿರುತ್ತದೆ. ತೀವ್ರ ಹಂತದ ಮಕ್ಕಳಲ್ಲಿ ಇನ್ನೂ ಬೇಗ, ಮೂರು ತುಂಬುವ ಮೊದಲೇ. ಎರಡು ವರ್ಷದೊಳಗೆ ಆಸರೆಯಿಲ್ಲದೆ ಕೂತ ಮಗು ಮುಂದೆ ನಡೆಯುವ ಸಂಭವ ಹೆಚ್ಚು. ನಾಲ್ಕು ದಾಟಿದರೂ ಕೂರದ ಮಗು ತಾನಾಗಿ ನಡೆಯುವುದು ಅಪರೂಪ.

ಕೇಳಲು ಕಠಿಣವಾದ ಮಾತು. ನನಗೆ ಇದರಲ್ಲಿ ಬಿಡುಗಡೆಯೂ ಕಾಣುತ್ತದೆ. ಮೊದಲ ಐದು ವರ್ಷ ಜೀವ ತೇಯ್ದು ದುಡಿಯಬೇಕು, ನಿಜ. ಆಮೇಲೂ ನಡಿಗೆಯೊಂದನ್ನೇ ಹಿಡಿದು ಕೂರುವ ಹರಕೆ, ಔಷಧಿ, ಪ್ರವಾಸಗಳೆಲ್ಲ ಮಗುವಿನ ಬೇರೆ ಬೆಳವಣಿಗೆಯ ಹೊತ್ತನ್ನು ತಿನ್ನುತ್ತವೆ. ಇಲ್ಲೇ ಅಂಗಡಿ ತೆರೆಯುವವರೂ ಇದ್ದಾರೆ. ಸ್ಟೆಮ್ ಸೆಲ್ ಚುಚ್ಚಿ ಮಗುವನ್ನು ನಡೆಸುತ್ತೇವೆ ಎಂಬ ಜಾಹೀರಾತು ನಂಬಿ ಲಕ್ಷಗಟ್ಟಲೆ ಸುರಿದವರುಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸೆರೆಬ್ರಲ್ ಪಾಲ್ಸಿಗೆ ಇದನ್ನು ಚಿಕಿತ್ಸೆಯೆಂದು ಒಪ್ಪುವುದಿಲ್ಲ. ಅನುಮೋದಿತ ಸಂಶೋಧನೆಯ ಹೊರಗೆ ದುಡ್ಡು ಪಡೆದು ಮಾಡುವುದೇ ತಪ್ಪು.

ಹಾಗಾದರೆ ಫಲ ಕೊಡುವುದು ಯಾವುದು? ಆಸ್ಟ್ರೇಲಿಯಾದ ಇಯೋನಾ ನೊವಾಕ್ ಮತ್ತು ಜೊತೆಗಾರರು 2013ರಲ್ಲಿ ಚಾಲ್ತಿಯಲ್ಲಿರುವ ಚಿಕಿತ್ಸೆಗಳನ್ನೆಲ್ಲ ಜಾಲಿಸಿ ಹಸಿರು, ಹಳದಿ, ಕೆಂಪು ಎಂದು ಗುರುತು ಹಾಕಿದರು. ಮಗುವನ್ನು ಮಲಗಿಸಿ ಬೇರೆಯವರು ಕೈಕಾಲು ಎಳೆಯುವ, ನೀವುವ ಕ್ರಮಗಳಿಗೆ ಹಸಿರು ಸಿಗಲಿಲ್ಲ. ಮಗು ತಾನೇ ಮಾಡಬೇಕೆಂದು ಬಯಸುವ ಕೆಲಸವನ್ನು ಅದರಿಂದಲೇ ಮತ್ತೆ ಮತ್ತೆ ಮಾಡಿಸುವುದಕ್ಕೆ ಸಿಕ್ಕಿತು. ಲೋಟ ಹಿಡಿಯಬೇಕೆ, ಲೋಟವನ್ನೇ ಹಿಡಿಸಿ. ಅಂಗಿ ಹಾಕಿಕೊಳ್ಳಬೇಕೆ, ತಡವಾದರೂ ಅಂಗಿಯನ್ನೇ ಕೊಡಿ. ಬಿಗಿತ ಸಡಿಲಿಸಲು ಬ್ಯಾಕ್ಲೋಫೆನ್ ಮಾತ್ರೆ, ಬೊಟುಲಿನಮ್ ಚುಚ್ಚುಮದ್ದು, ಕೆಲವರಿಗೆ ಶಸ್ತ್ರಚಿಕಿತ್ಸೆ ಇವೆ. ಫಿಟ್ಸ್ ಇದ್ದರೆ ಅದರ ಮಾತ್ರೆಯನ್ನು ಒಂದು ದಿನವೂ ಬಿಡುವಂತಿಲ್ಲ. ಇವುಗಳಿಗಾಗಿ ಶಿವಮೊಗ್ಗಕ್ಕೋ, ಘಟ್ಟ ಇಳಿದು ಮಣಿಪಾಲಕ್ಕೋ ಹೋಗಲೇಬೇಕು. ಆದರೆ ವಾರಕ್ಕೆರಡು ಸಲ ಫಿಸಿಯೋಥೆರಪಿಗೆಂದು ಕೂಲಿ ಬಿಟ್ಟು ಬಸ್ಸು ಹತ್ತುವುದು ಎಷ್ಟು ಮನೆಗಳಿಗೆ ಸಾಧ್ಯ? ಅಭ್ಯಾಸ ನಡೆಯಬೇಕಾದ ಜಾಗ ಮನೆಯ ಜಗಲಿಯೇ.

ಜಗಲಿಯಲ್ಲಿ ಮೊದಲು ಬೇಕಾದದ್ದು ಒಂದು ಕುರ್ಚಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಮಲಗಿಯೇ ಇರುವ ಮಗು ಕಾಣುವುದು ಮಾಡಿನ ಹೆಂಚು ಮಾತ್ರ. ಕೂರಿಸಿದರೆ ಅಂಗಳ ಕಾಣುತ್ತದೆ, ಕೋಳಿ ಕಾಣುತ್ತದೆ, ಬಂದು ಹೋಗುವವರ ಮುಖ ಕಾಣುತ್ತದೆ, ಕೈ ಎರಡೂ ಕೆಲಸಕ್ಕೆ ಬಿಡುವಾಗುತ್ತವೆ. ಊಟದ ವಿಷಯದಲ್ಲಂತೂ ಕೂರುವುದು ಜೀವದ ಪ್ರಶ್ನೆ. ಮಲಗಿಸಿ ಗಂಜಿ ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ತೀವ್ರ ಹಂತದ ಮಕ್ಕಳನ್ನು ಕೊಂಡೊಯ್ಯುವುದು ಬಹುಮಟ್ಟಿಗೆ ಇಂಥ ನ್ಯುಮೋನಿಯಾವೇ. ಬೆನ್ನು ನೆಟ್ಟಗೆ, ಗದ್ದ ತುಸು ಕೆಳಗೆ, ತುತ್ತು ಸಣ್ಣದು, ಮುದ್ದೆ ಹದದ್ದು. ಒಂದು ನುಂಗಿದ ಮೇಲೆ ಇನ್ನೊಂದು. ಇದನ್ನು ಕಲಿಯಲು ದೊಡ್ಡ ಆಸ್ಪತ್ರೆ ಬೇಡ.

ಕುರ್ಚಿಗೂ ಪೇಟೆ ಬೇಡ. ಡೇವಿಡ್ ವರ್ನರ್ ಎಂಬುವರು ಮೆಕ್ಸಿಕೋದ ಬೆಟ್ಟಗಾಡಿನ ಅಹೋಯ ಎಂಬ ಹಳ್ಳಿಯಲ್ಲಿ ಅಂಗವಿಕಲ ಯುವಕರ ಜೊತೆ ಸೇರಿ 1980ರ ದಶಕದಲ್ಲಿ ಕೇಂದ್ರವೊಂದನ್ನು ಕಟ್ಟಿದರು. ವರ್ನರ್ ಅವರಿಗೇ ನರದೌರ್ಬಲ್ಯದ ಕಾಯಿಲೆ ಇತ್ತು. ಅಲ್ಲಿ ಮರದ ಹಲಗೆ, ಹಳೆ ಟೈರು, ಹಗ್ಗದಿಂದ ಮಾಡಿದ ಸಲಕರಣೆಗಳ ಚಿತ್ರಗಳೆಲ್ಲ 1987ರಲ್ಲಿ ಬಂದ ಅವರ ‘ಡಿಸೇಬಲ್ಡ್ ವಿಲೇಜ್ ಚಿಲ್ಡ್ರನ್’ ಪುಸ್ತಕದಲ್ಲಿವೆ. ಜಿಂಬಾಬ್ವೆಯಲ್ಲಿ ಹಳೆ ಕಾಗದ, ರಟ್ಟು, ಹಿಟ್ಟಿನ ಅಂಟಿನಿಂದಲೇ ಗಟ್ಟಿ ಕುರ್ಚಿ ಮಾಡುತ್ತಾರೆ. ಎರಡು ಹಲಗೆಯನ್ನು ಮೂಲೆಯಂತೆ ಜೋಡಿಸಿ, ಭುಜ ಹಿಂದಕ್ಕೆ ಸೆಟೆಯದಂತೆ ತಡೆದು, ಸೊಂಟಕ್ಕೊಂದು ಪಟ್ಟಿ, ಕಾಲುಗಳ ನಡುವೆ ಒಂದು ಗೂಟ, ಮುಂದೆ ಅರ್ಧಚಂದ್ರ ಕೊರೆದ ಮೇಜು. ಹಲಸಿನ ಹಲಗೆಯಲ್ಲಿ ಮಂಚ ಮಾಡುವ ನಮ್ಮ ಆಚಾರಿಗೆ ಇದು ಒಂದು ದಿನದ ಕೆಲಸ. ಅಳತೆ ಹೇಳಲು ಫಿಸಿಯೋಥೆರಪಿಸ್ಟ್ ಒಮ್ಮೆ ಬಂದರೆ ಸಾಕು.

ಮಾತಿನ ವಿಷಯದಲ್ಲೂ ಇದೇ ಕಾಯುವ ಚಟ. ನಾಲ್ವರಲ್ಲಿ ಒಬ್ಬರಿಗೆ ಮಾತು ಬರುವುದಿಲ್ಲ. ಬರುವವರೆಗೂ ಕಾಯೋಣ, ಚಿತ್ರ ತೋರಿಸುವುದನ್ನು ಕಲಿಸಿದರೆ ಮಗು ಸೋಮಾರಿಯಾಗುತ್ತದೆ ಎಂದು ತಡೆಯುವವರಿದ್ದಾರೆ. ಅದು ನಿಜವಲ್ಲ, ಚಿತ್ರಫಲಕ ಬಳಸಿದ್ದರಿಂದ ಯಾರ ಮಾತೂ ನಿಂತಿಲ್ಲ, ಬದಲಿಗೆ ನೆರವಾದದ್ದೇ ಹೆಚ್ಚು. ಹೌದು ಎಂದರೆ ಕಣ್ಣು ಮೇಲೆ, ಅಲ್ಲ ಎಂದರೆ ಕೆಳಗೆ, ಇಷ್ಟರಿಂದ ಶುರುಮಾಡಬಹುದು. ಮುಂದೆ ಅನ್ನ, ನೀರು, ನೋವು, ಬಚ್ಚಲು, ‘ನನಗೆ ಬೇಡ’ ಎಂಬ ಚಿತ್ರಗಳು. ಆ ಕೊನೆಯದನ್ನು ಮರೆಯಬೇಡಿ. ಬೇಡ ಎನ್ನಲು ಬಾರದವರ ಬದುಕಿನಲ್ಲಿ ಎಲ್ಲವನ್ನೂ ಬೇರೆಯವರೇ ತೀರ್ಮಾನಿಸುತ್ತಾರೆ. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದನ್ನು ಕಲಿಸುತ್ತದೆ.

ಶಾಲೆಯ ಬಗ್ಗೆ ಕಾನೂನು ಸ್ಪಷ್ಟವಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ಬೇಕೆನಿಸಿದ ವಿಶೇಷ ಶಾಲೆಯಲ್ಲೋ ಉಚಿತವಾಗಿ ಕಲಿಯುವುದು ಹಕ್ಕು. ತೀರಾ ಬರಲಾಗದ ಮಕ್ಕಳಿಗೆ ಮನೆಗೇ ಬಂದು ಕಲಿಸುವ ಗೃಹಾಧಾರಿತ ಶಿಕ್ಷಣ ಇದೆ. ಬ್ಲಾಕ್ ಮಟ್ಟದಲ್ಲಿ ಅದಕ್ಕೆಂದೇ ಸಂಪನ್ಮೂಲ ಶಿಕ್ಷಕರಿದ್ದಾರೆ. ಒಬ್ಬ ಶಿಕ್ಷಕರು ಎಷ್ಟು ಕಾಡುದಾರಿ ಸುತ್ತಿಯಾರು ಎಂಬುದು ಬೇರೆ ಮಾತು. ಮನೆಪಾಠ ಕೊನೆಯ ಉಪಾಯವಾಗಿರಬೇಕು, ನಮ್ಮಲ್ಲಿ ಮೊದಲನೆಯದಾಗಿಬಿಟ್ಟಿದೆ. ಮಗ್ಗಿಯನ್ನು ಮನೆಯಲ್ಲೂ ಕಲಿಸಬಹುದು, ಜಗಳವಾಡುವ ಗೆಳೆಯರು ಮನೆಯಲ್ಲಿ ಸಿಗುವುದಿಲ್ಲ. ಮಗುವನ್ನು ಶಾಲೆಯಿಂದ ಹೊರಗಿಡುವುದು ಹೆಚ್ಚಾಗಿ ಪಾಠವಲ್ಲ, ಶೌಚಾಲಯ. ಅದಕ್ಕೊಂದು ಹಿಡಿಕಂಬಿ, ಕೂರುವ ಕಮೋಡು, ಒಬ್ಬ ಸಹಾಯಕಿ ಇದ್ದರೆ ಅರ್ಧ ಸಮಸ್ಯೆ ಮುಗಿಯಿತು. ಪರೀಕ್ಷೆಯ ವಿಷಯದಲ್ಲಿ ಕೇಂದ್ರ ಸರ್ಕಾರದ ಮಾರ್ಗಸೂಚಿ ನೆನಪಿರಲಿ. ಶೇ 40 ಅಥವಾ ಹೆಚ್ಚಿನ ಸೆರೆಬ್ರಲ್ ಪಾಲ್ಸಿ ಇರುವ ಅಭ್ಯರ್ಥಿ ಬರೆಯಲು ಸಹಾಯಕರು ಬೇಕೆಂದರೆ ಕೊಡಬೇಕು. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ ಕೊಡಬೇಕು.

ದೊಡ್ಡವರಾದ ಮೇಲೆ? ಇದನ್ನು ಮಕ್ಕಳ ಕಾಯಿಲೆ ಎಂದು ಕರೆದು ಕರೆದು, ಈ ಮಕ್ಕಳು ಮೂವತ್ತು, ಐವತ್ತು ವರ್ಷದವರಾಗುತ್ತಾರೆಂಬುದನ್ನೇ ಮರೆತಿದ್ದೇವೆ. ಮುಂಬೈಯಲ್ಲಿ ಮಿಥು ಅಲೂರ್ 1972ರಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಕಟ್ಟಿದ್ದು ಸೆರೆಬ್ರಲ್ ಪಾಲ್ಸಿ ಇರುವ ಮಗಳು ಮಾಲಿನಿ ಚಿಬ್‌ರನ್ನು ಸೇರಿಸಿಕೊಳ್ಳುವ ಶಾಲೆಯೇ ಇಲ್ಲದ್ದರಿಂದ. ಬೆಂಗಳೂರಿನಲ್ಲಿ 1980ರಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಹುಟ್ಟಿತು. ಮಾಲಿನಿ ಲಂಡನ್ನಿನಲ್ಲಿ ಎರಡು ಸ್ನಾತಕೋತ್ತರ ಪದವಿ ಪಡೆದರು, ಮುಂಬೈಯ ಪುಸ್ತಕದಂಗಡಿಯೊಂದರಲ್ಲಿ ಕೆಲಸ ಮಾಡಿದರು, ಒಂದೇ ಬೆರಳಿನಿಂದ ಟೈಪ್ ಮಾಡಿ ‘ಒನ್ ಲಿಟಲ್ ಫಿಂಗರ್’ ಎಂಬ ಆತ್ಮಕಥೆ ಬರೆದರು. ಕೋಲ್ಕತ್ತದ ಹಕ್ಕುಗಳ ಹೋರಾಟಗಾರ್ತಿ ಜೀಜಾ ಘೋಷ್ ಅವರನ್ನು 2012ರ ಫೆಬ್ರುವರಿಯಲ್ಲಿ ಗೋವಾಕ್ಕೆ ಹೊರಟಿದ್ದ ವಿಮಾನದಿಂದ ಇಳಿಸಲಾಯಿತು. ಸೆರೆಬ್ರಲ್ ಪಾಲ್ಸಿ ಇರುವವರಿಂದ ಪ್ರಯಾಣಕ್ಕೆ ಅಪಾಯವೆಂದು ಸಿಬ್ಬಂದಿ ಅಂದುಕೊಂಡಿದ್ದರು. ಅವರು ಹೊರಟಿದ್ದದ್ದು ಅಂಗವಿಕಲರ ಸಮ್ಮೇಳನಕ್ಕೇ. ಸುಪ್ರೀಂ ಕೋರ್ಟ್ 2016ರ ಮೇ 12ರಂದು ವಿಮಾನ ಸಂಸ್ಥೆಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು.

ಇವರೆಲ್ಲ ಪೇಟೆಯವರು, ಅನುಕೂಲ ಇದ್ದವರು ಎನ್ನಬಹುದು. ಒಪ್ಪುತ್ತೇನೆ. ಕೋಯಿಕ್ಕೋಡ್ ಜಿಲ್ಲೆಯ ಕೀಳರಿಯೂರು ಎಂಬ ಹಳ್ಳಿಯ ಎ.ಕೆ. ಸಾರಿಕಾ 2023ರ ಸಿವಿಲ್ ಸರ್ವೀಸ್ ಪರೀಕ್ಷೆಯಲ್ಲಿ 922ನೇ ರ‍್ಯಾಂಕ್ ಪಡೆದರು. ಅವರು ಓಡಾಡುವುದು ಗಾಲಿಕುರ್ಚಿಯಲ್ಲಿ. ಆದರೂ ರ‍್ಯಾಂಕ್, ಪುಸ್ತಕ, ಪದಕಗಳನ್ನೇ ತುಂಬು ಬದುಕಿನ ಅಳತೆಗೋಲು ಮಾಡುವುದು ನನಗೆ ಸರಿಬರುವುದಿಲ್ಲ. ಉಳಿದ ನಾವೆಲ್ಲ ರ‍್ಯಾಂಕ್ ಬಂದವರೇ? ಯುರೋಪಿನಲ್ಲಿ ಸೆರೆಬ್ರಲ್ ಪಾಲ್ಸಿ ಇರುವ 8ರಿಂದ 12 ವರ್ಷದ 500 ಮಕ್ಕಳನ್ನು ಅವರ ಬದುಕಿನ ಬಗ್ಗೆ ಅವರನ್ನೇ ಕೇಳಿದ ಅಧ್ಯಯನ 2007ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹೆಚ್ಚಿನ ವಿಷಯಗಳಲ್ಲಿ ಅವರ ಉತ್ತರ ಓರಗೆಯ ಬೇರೆ ಮಕ್ಕಳ ಉತ್ತರದಂತೆಯೇ ಇತ್ತು. ಬದುಕನ್ನು ಎಲ್ಲ ಕಡೆಯಿಂದ ಕುಗ್ಗಿಸಿದ್ದು ನೋವು. ನಡೆಯಲಾಗದ್ದರ ಬಗ್ಗೆ ನಾವು ಮರುಗುತ್ತಿದ್ದರೆ ಅವರು ಸೊಂಟ ನೋಯುತ್ತಿದೆ ಎನ್ನುತ್ತಿರುತ್ತಾರೆ. ಆ ನೋವನ್ನು ಕೇಳಿ ತಿಳಿದು ಔಷಧಿ ಮಾಡುವುದು ನಡೆಸುವುದಕ್ಕಿಂತ ಎಷ್ಟೋ ಸುಲಭ. ನಡೆಯುತ್ತಿದ್ದವರೂ ಮೂವತ್ತು ನಲವತ್ತರ ಹೊತ್ತಿಗೆ ಬೇಗ ದಣಿಯುತ್ತಾರೆ, ಕೆಲವರ ನಡಿಗೆ ನಿಲ್ಲುತ್ತದೆ. ಆಗ ಗಾಲಿಕುರ್ಚಿ ಹಿಡಿದರೆ ಅದನ್ನು ಸೋಲೆಂದು ಯಾಕೆ ಭಾವಿಸಬೇಕು?

ಹದಿನೆಂಟು ತುಂಬಿದ ಕೂಡಲೇ ಪೋಷಕತ್ವದ ಕಾಗದ ಮಾಡಿಸಬೇಕೆಂದು ಕೆಲವರು ಓಡುತ್ತಾರೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿ ಅದನ್ನು ಕೊಡುತ್ತದೆ, ನಿಜ. ಅದೇ ಟ್ರಸ್ಟ್‌ನ ನಿರಾಮಯ ವಿಮೆ 1 ಲಕ್ಷ ರೂಪಾಯಿವರೆಗಿನ ವೆಚ್ಚ ಭರಿಸುತ್ತದೆ, ಅದನ್ನು ತಪ್ಪದೆ ಮಾಡಿಸಬೇಕು. ಆದರೆ ತನ್ನ ತೀರ್ಮಾನ ತಾನೇ ಮಾಡಬಲ್ಲವರಿಗೆ ಪೋಷಕರು ಯಾಕೆ? ಅವರಿಗೆ ಬೇಕಾದದ್ದು ಬ್ಯಾಂಕ್ ಖಾತೆ, ಗುರುತಿನ ಚೀಟಿ, ತೋಟದಲ್ಲಿ ಹೆಸರು ಹಾಕಿ ಬರೆದ ಪಾಲು. ಮದುವೆಯ ಮಾತನ್ನೂ ನಾವು ಎತ್ತಗೊಡುವುದಿಲ್ಲ. 2014ರ ‘ಮಾರ್ಗರೀಟಾ ವಿತ್ ಎ ಸ್ಟ್ರಾ’ ಸಿನಿಮಾ ಸೆರೆಬ್ರಲ್ ಪಾಲ್ಸಿ ಇರುವ ಹುಡುಗಿಯ ಪ್ರೀತಿ, ಬಯಕೆಗಳನ್ನು ತೋರಿಸಿದಾಗ ನೋಡಿದವರಲ್ಲಿ ಹಲವರಿಗೆ ಅಂಥದ್ದೊಂದು ಇರುತ್ತದೆಂಬುದೇ ಹೊಸತಾಗಿತ್ತು. ‘ನಮ್ಮ ನಂತರ ಯಾರು?’ ಎಂಬ ತಾಯಿಯ ಪ್ರಶ್ನೆಗೆ ಮಾತ್ರ ಚೆಂದದ ಉತ್ತರವಿಲ್ಲ. ಅಣ್ಣತಮ್ಮಂದಿರ ಒಳ್ಳೆಯತನದ ಮೇಲೆಯೇ ಎಲ್ಲವನ್ನೂ ಬಿಟ್ಟಿರುವ ವ್ಯವಸ್ಥೆ ನಮ್ಮದು. ಆರೈಕೆ ಮಾಡುವವರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ ರಾಜ್ಯ ಸರ್ಕಾರ ಘೋಷಿಸಿದ್ದು ಆ ದುಡಿಮೆಯನ್ನು ಕಂಡದ್ದರ ಗುರುತು, ಅಷ್ಟಕ್ಕೇ ಸರಿ.

ಮಲೆನಾಡಿನ ಸಂದರ್ಭದಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಪಂಚಾಯಿತಿಯ ಮೇಲೆ. ಪ್ರತಿ ಪಂಚಾಯಿತಿ ವರ್ಷಕ್ಕೊಮ್ಮೆ ವಿಕಲಚೇತನರ ಸಮನ್ವಯ ಗ್ರಾಮಸಭೆ ನಡೆಸಬೇಕು, ಸ್ವಂತ ಸಂಪನ್ಮೂಲದ ಶೇ 5ರಷ್ಟನ್ನು ಅವರಿಗೆ ಮೀಸಲಿಡಬೇಕು, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೊಬ್ಬರು ಇರಬೇಕು. ಸಭೆಯಲ್ಲಿ ಸಾಮಾನ್ಯವಾಗಿ ಹಂಚುವುದು ಕೈಯಲ್ಲಿ ತಿರುಗಿಸುವ ತ್ರಿಚಕ್ರ ಸೈಕಲ್ಲು. ಕೈಯೇ ಬಿಗಿದ ಹುಡುಗ ಅದನ್ನು ತಿರುಗಿಸುವುದು ಹೇಗೆ, ಅದೂ ನಮ್ಮ ಏರಿನಲ್ಲಿ? ಅದು ಅಂಗಳದ ಮೂಲೆಯಲ್ಲಿ ಸೌದೆಗೆ ಆಸರೆಯಾಗಿ ತುಕ್ಕು ಹಿಡಿಯುತ್ತದೆ. ಅದೇ ಹಣದಲ್ಲಿ ಆಚಾರಿಯಿಂದ ಕುರ್ಚಿ ಮಾಡಿಸಬಹುದು, ಬಚ್ಚಲಿಗೆ ಕಂಬಿ ಹಾಕಿಸಬಹುದು. ಇಳಿಜಾರುದಾರಿಗೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕೆಂಬುದು ಲೆಕ್ಕ. ಎರಡು ಅಡಿ ಎತ್ತರದ ಜಗಲಿಗೆ 24 ಅಡಿ. ಅಡಿಕೆ ಒಣಗಿಸುವ ಅಂಗಳ ಇರುವ ಊರಿನಲ್ಲಿ ಅಷ್ಟು ಜಾಗವಿಲ್ಲ ಎನ್ನುವಂತಿಲ್ಲ. ಕಾಲುಸಂಕ ಮೂರು ಅಡಿ ಅಗಲವಿದ್ದು ಎರಡೂ ಕಡೆ ಕೈಹಿಡಿ ಇದ್ದರೆ ಗಾಲಿಕುರ್ಚಿ ದಾಟುತ್ತದೆ. ಮಳೆಗಾಲದಲ್ಲಿ ಶಾಲೆಗೆ ಹೋಗುವ ಉಳಿದ ಮಕ್ಕಳೂ, ಮುದುಕರೂ ದಾಟುತ್ತಾರೆ. ಇವುಗಳನ್ನು ಕ್ರಿಯಾಯೋಜನೆಗೆ ಸೇರಿಸಲು ಆ ಸಭೆಯಲ್ಲೇ ಅರ್ಜಿ ಕೊಡಬೇಕು. ಮಗುವನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ, ಜೊತೆಗೆ ಕರೆದುಕೊಂಡೇ ಹೋಗಿ. ಸಹಿ ಹಾಕುವ ಮೊದಲು ನಡಾವಳಿ ಪುಸ್ತಕದಲ್ಲಿ ನೀವು ಕೇಳಿದ್ದನ್ನು ಬರೆದುಕೊಂಡಿದ್ದಾರೋ ಎಂದು ಓದಿ ನೋಡಿ.